ಉಸಿರಿನ ಕಚೇರಿಯಿಂದ ನೋವಿನ ಶಾಖೆಯನ್ನು ಬೇರ್ಪಡಿಸುವ ಬಗ್ಗೆ

ಇವರಿಗೆ,
ಶ್ರೀಮತಿ ಮರುಳಸಿದ್ದಮ್ಮನವರ ಮೆದುಳಿನ ಕಾಂಡದವರು,
ಕತ್ತಿಗಿಂತ ತುಸು ಮೇಲೆ, ತಲೆಬುರುಡೆಯ ಹಿಂಭಾಗ.
ಹಾಲಿ ವಸತಿ: ಆಸ್ಪತ್ರೆಯ ಹೆಂಗಸರ ವಾರ್ಡು, ದಾವಣಗೆರೆ.

ಮಾನ್ಯರೇ,

ಹಬ್ಬ ಹುಣ್ಣಿಮೆಯ ರಜೆ ಕೇಳದೆ, ಬಡ್ತಿ ಬಯಸದೆ, ಹುಟ್ಟಿದ ಗಳಿಗೆಯಿಂದ ನನ್ನ ಹೆಂಡತಿಯ ಉಸಿರನ್ನು ಎಳೆಸುತ್ತ ಬಿಡಿಸುತ್ತ ಬಂದಿರುವ ತಮ್ಮ ಸನ್ನಿಧಿಗೆ, ನಿಜಲಿಂಗಪ್ಪ ಬಡಾವಣೆಯ ನಿವಾಸಿಯೂ ಮಂಡಕ್ಕಿ ಭಟ್ಟಿಯ ಮಾಲೀಕನೂ ಆದ ಶಿವಯೋಗಪ್ಪ ಮಾಡುವ ಅನಂತ ಶರಣು ಶರಣಾರ್ಥಿಗಳು. ತಮಗೆ ಖಾಸಗಿಯಾಗಿ ಬರೆಯೋಣವೆಂದರೆ, ತಮ್ಮ ಮೇಲಂತಸ್ತಿನಲ್ಲಿ ಕುಳಿತಿರುವ ದೊಡ್ಡ ಮೆದುಳಿನವರು ಬಂದ ಕಾಗದವನ್ನೆಲ್ಲ ತಾವೇ ಒಡೆದು ಓದಿಕೊಳ್ಳುತ್ತಾರೆಂದೂ, ತಮ್ಮವರೆಗೆ ಒಂದಕ್ಷರವನ್ನೂ ಬಿಡುವುದಿಲ್ಲವೆಂದೂ ತಿಳಿದುಬಂತು. ಆದಕಾರಣ ಈ ಬಹಿರಂಗ ಪತ್ರ. ಸಾರ್ವಜನಿಕರೂ ಓದಲಿ, ಅವರ ಕತ್ತಿನ ಹಿಂದೆಯೂ ತಮ್ಮ ಸಹೋದ್ಯೋಗಿಗಳು ಇದ್ದೇ ಇದ್ದಾರೆ.

ನಡೆದ ಸಂಗತಿ ತಮಗೆ ಗೊತ್ತಿರಬೇಕು, ಆದರೂ ದೂರು ಎಂದಮೇಲೆ ಮೊದಲಿನಿಂದ ಹೇಳುವುದು ಪದ್ಧತಿ. ಮಾಳಿಗೆಯ ಮೇಲೆ ಒಣಹಾಕಿದ್ದ ಬ್ಯಾಡಗಿ ಮೆಣಸಿನಕಾಯಿಯನ್ನು ಇಳಿಸಿ ತರುವಾಗ ನನ್ನ ಹೆಂಡತಿ ಮೆಟ್ಟಿಲು ತಪ್ಪಿ ಬಿದ್ದಳು, ತೊಡೆಯ ಮೂಳೆ ಮುರಿಯಿತು, ಡಾಕ್ಟರ್ ಗುರುಮೂರ್ತಿಯವರು ಆಪರೇಷನ್ ಮಾಡಿ ಕಬ್ಬಿಣ ಕೂಡಿಸಿದರು. ಅರಿವಳಿಕೆ ಇಳಿದ ಮೇಲೆ ಆಕೆ ಪಟ್ಟ ಬಾಧೆಯನ್ನು ನಾನು ಇಲ್ಲಿ ಬರೆಯಲಾರೆ. ಭಟ್ಟಿಯ ಬೆಂಕಿಯ ಮುಂದೆ ನಿಂತು ಬಾಳಿದವನು ನಾನು, ಕಣ್ಣಲ್ಲಿ ನೀರು ಬಂದರೆ ಹೊಗೆಯ ಮೇಲೆ ಹಾಕುವುದು ಅಭ್ಯಾಸ, ಆಸ್ಪತ್ರೆಯಲ್ಲಿ ಹೊಗೆ ಇರಲಿಲ್ಲ. ಇವತ್ತು ಬೆಳಿಗ್ಗೆ ಡಾಕ್ಟರನ್ನು ಕಾಡಿ ಬೇಡಿದೆ. ಅವರು ಮಾರ್ಫಿನ್ ಎಂಬ ಔಷಧಿಯ ಸೂಜಿ ಚುಚ್ಚಿಸಿದರು. ಸ್ವಲ್ಪ ಹೊತ್ತಿನಲ್ಲೇ ಆಕೆಯ ಮುಖದ ಗಂಟು ಸಡಿಲಾಗಿ ಕಣ್ಣು ಮುಚ್ಚಿತು.

ನಮ್ಮ ಕಡೆ ಒಂದು ಕಟ್ಟುನಿಟ್ಟಿದೆ, ನರಳಿ ನರಳಿ ಕಣ್ಣು ಹತ್ತಿದವರನ್ನು ಯಾರೂ ಎಬ್ಬಿಸಬಾರದು. ಆಕೆಯ ಅಕ್ಕ ಹಾಲಮ್ಮ ಕುಕ್ಕುವಾಡದಿಂದ ಬಂದವರು ಸ್ಟೂಲು ಎಳೆದುಕೊಂಡು ಮಂಚಕ್ಕೂ ಬಾಗಿಲಿಗೂ ನಡುವೆ ಕಾವಲು ಕೂತರು. ಕಿರುಗುಡುತ್ತದೆಂದು ಫ್ಯಾನು ಆರಿಸಿದರು. ಜ್ವರ ನೋಡಲು ಬಂದ ನರ್ಸ್ ರೇವತಿಯನ್ನು, "ಈಗ ಕಣ್ಣು ಹತ್ಯಾವೆ ತಾಯಿ, ಆಮ್ಯಾಲೆ ಬರ್ರಿ" ಎಂದು ಹಿಂದಕ್ಕೆ ಕಳಿಸಿದರು. ಹೆಂಡತಿಯ ತಮ್ಮ ಬಕ್ಕೇಶ್ ಹರಿಹರದಿಂದ ಬರುವಾಗ ಒಂದು ಪೊಟ್ಟಣ ಖಾರ ಮಂಡಕ್ಕಿ ತಂದಿದ್ದ. ಕರುಂ ಎಂದು ಸದ್ದಾದರೆ ಆಕೆಗೆ ಎಚ್ಚರವಾದೀತೆಂದು ನಾವು ಮೂವರೂ ಮಂಡಕ್ಕಿಯನ್ನು ಬಾಯೊಳಗೆ ನೆನೆಸಿ ನೆನೆಸಿ ನುಂಗಿದೆವು. ಮಂಡಕ್ಕಿ ಮಾಡುವವನಾಗಿ ನನ್ನ ಸರಕಿಗೆ ಇಂಥ ಅವಮಾನ ನಾನು ಹಿಂದೆ ಮಾಡಿದ್ದಿಲ್ಲ. ಇಡೀ ಬೀದಿಗೆ ಕೇಳುವ ಹಾಗೆ ಗೊರಕೆ ಹೊಡೆಯುವವಳು ಇವತ್ತು ಗೊರಕೆಯನ್ನೂ ಹೊಡೆಯುತ್ತಿಲ್ಲವಲ್ಲ, ಎಂಥ ನೆಮ್ಮದಿಯ ನಿದ್ದೆ ಎಂದು ಬಕ್ಕೇಶ್ ಪಿಸುಗುಟ್ಟಿದ, ನಾನೂ ತಲೆಯಾಡಿಸಿದೆ.

ತಾವು ಕೆಲಸ ಕೈಬಿಟ್ಟಿದ್ದಿರಿ ಎಂಬುದು ನಮಗೆ ಹೇಗೆ ತಿಳಿಯಬೇಕು, ಸ್ವಾಮಿ?

ಪುಣ್ಯಕ್ಕೆ ರೇವತಿ ಮತ್ತೆ ಬಂದಳು. ದೂರದಿಂದಲೇ ಮಲಗಿದ್ದವಳ ನೀಲಿಗಟ್ಟಿದ ತುಟಿ ನೋಡಿದವಳು ಹಾಲಮ್ಮನವರನ್ನು ಸ್ಟೂಲಿನ ಸಮೇತ ಪಕ್ಕಕ್ಕೆ ಸರಿಸಿ, ನನ್ನ ಹೆಂಡತಿಯ ಎದೆಮೂಳೆಯ ಮೇಲೆ ಬೆರಳ ಗೆಣ್ಣುಗಳಿಂದ ಉಜ್ಜಿ, "ಅಮ್ಮಾರೇ, ಉಸಿರು ತಗೋರಿ" ಎಂದು ಕೂಗಿದಳು. ಆಕೆ ತೆಗೆದುಕೊಂಡಳು. ಹೇಳಿದರೆ ತೆಗೆದುಕೊಳ್ಳುತ್ತಾಳೆ, ಸುಮ್ಮನಾದರೆ ಮರೆತುಬಿಡುತ್ತಾಳೆ. ರೇವತಿ ಮೂಗಿನ ಮೇಲೆ ಆಮ್ಲಜನಕದ ಮುಖವಾಡ ಇಟ್ಟು, "ಬಿಡದಂಗೆ ಹೇಳ್ತಾ ಇರ್ರಿ" ಎಂದು ಆಜ್ಞೆ ಕೊಟ್ಟು ಔಷಧಿಗೆ ಓಡಿದಳು. ಹಾಲಮ್ಮ "ತಗಾ ತಂಗಿ" ಎನ್ನುವುದು, ಬಕ್ಕೇಶ್ "ಬಿಡು ಅಕ್ಕಾ" ಎನ್ನುವುದು, ನಡುವೆ ನಾನು ಬರೇ ಕೈಸನ್ನೆ ಮಾಡುವುದು. ತಾವು ಇಷ್ಟು ಕಾಲ ಒಬ್ಬರೇ ಸದ್ದಿಲ್ಲದೆ ಮಾಡಿಕೊಂಡು ಬಂದ ಕೆಲಸಕ್ಕೆ ಆಗ ಒಂದು ಸಂಸಾರವೇ ಟೊಂಕ ಕಟ್ಟಿ ನಿಂತಿತ್ತು, ಆದರೂ ಸಾಲುತ್ತಿರಲಿಲ್ಲ. ತಮ್ಮ ದಕ್ಷತೆಯ ಬಗ್ಗೆ ನನಗೆ ಅಪಾರ ಗೌರವ ಹುಟ್ಟಿದ್ದು ಅಲ್ಲಿಯೇ, ಸಿಟ್ಟು ಹುಟ್ಟಿದ್ದೂ ಅಲ್ಲಿಯೇ.

ಮಾರ್ಫಿನ್ನನ್ನು ಓಡಿಸುವ ಇನ್ನೊಂದು ಸೂಜಿ ಬಂತು. ಉಸಿರು ಹಿಂತಿರುಗಿತು. ಅದರ ಬೆನ್ನಿಗೇ ನೋವೂ ಹಿಂತಿರುಗಿತು, ಒಂದೇ ಬಸ್ಸಿನಲ್ಲಿ ಬಂದಿಳಿದ ಹಾಗೆ. ಆಕೆ ಕಣ್ಣು ಬಿಟ್ಟು ಮೊದಲು ಆಡಿದ ಮಾತು, "ಯಾಕ ಎಬ್ಬಿಸಿದ್ರಿ? ಎಷ್ಟು ಹಾಯಾಗಿತ್ತು" ಎಂದು. ಆಗಿನಿಂದ ಆಕೆ ಮೊದಲಿನ ಆ ಮಾರ್ಫಿನ್ ಸೂಜಿಯನ್ನೇ ಕೇಳುತ್ತಿದ್ದಾಳೆ. ನಾನು ಆಗದು ಎನ್ನುತ್ತಿದ್ದೇನೆ. ಮದುವೆಯಾದಂದಿನಿಂದ ಆಕೆ ನನ್ನಲ್ಲಿ ಬಾಯಿಬಿಟ್ಟು ಕೇಳಿದ ವಸ್ತುಗಳು ಬಹಳ ಕಡಿಮೆ, ಇದೊಂದನ್ನು ಕೊಡಲಾರದೆ ಮುಖ ತಿರುಗಿಸಿಕೊಂಡು ನಿಲ್ಲುವುದು ನನಗೆ ತುಂಬಾ ಕಷ್ಟವಾಗಿದೆ.

ಡಾಕ್ಟರ್ ಗುರುಮೂರ್ತಿಯವರು ನನ್ನನ್ನು ಕೂರಿಸಿಕೊಂಡು ತಮ್ಮ, ಅಂದರೆ ಮೆದುಳಿನ ಕಾಂಡದವರ, ಆಡಳಿತವನ್ನು ವಿವರಿಸಿದರು. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದ ಸುದ್ದಿ ಬಂದ ತಕ್ಷಣ ಎದೆಗೂ ಅದರ ತಳದ ಪರದೆಯಾದ ವಪೆಗೂ ಹುಕುಂ ಹೊರಡಿಸಿ ಉಸಿರೆಳೆಸುವುದು ತಮ್ಮ ಒಂದು ಶಾಖೆಯಂತೆ. ಬೆನ್ನುಹುರಿ ಹತ್ತಿ ಬರುವ ನೋವಿನ ಸುದ್ದಿಯನ್ನು ದಾರಿಯಲ್ಲೇ ತಡೆದು ತಗ್ಗಿಸುವುದು ಇನ್ನೊಂದು ಶಾಖೆಯಂತೆ. ಈ ಹುಕುಮುಗಳನ್ನೆಲ್ಲ ಹೊತ್ತು ತಿರುಗುವವರು ರಾಸಾಯನಿಕ ದೂತರು, ಅವರಲ್ಲಿ ಎಂಡಾರ್ಫಿನ್ ಎಂಬ ದೂತ ದೇಹ ತನ್ನ ಮನೆಯಲ್ಲೇ ತಯಾರಿಸಿಕೊಳ್ಳುವ ಮಾರ್ಫಿನ್. ಸೂಜಿಯ ಮಾರ್ಫಿನ್ ಆ ದೂತನ ವೇಷ ಹಾಕಿಕೊಂಡು ಒಳಗೆ ನುಗ್ಗುತ್ತದೆ. "ನೋವಿನ ಬಾಗಿಲಿಗೂ ಉಸಿರಿನ ಬಾಗಿಲಿಗೂ ಒಂದೇ ಥರದ ಬೀಗ ಐತೆ ಶಿವಯೋಗಪ್ಪನವ್ರೇ, ಕೀಲಿ ಎರಡಕ್ಕೂ ಹೊಂದ್ತೈತೆ. ನಾನು ಸ್ವಲ್ಪ ಸ್ವಲ್ಪನೇ ಕೊಡಬಲ್ಲೆ, ಬಾಗಿಲು ಆರಿಸಿ ಕೊಡಾಕೆ ಬರಲ್ಲ" ಎಂದರು.

ಮಾನ್ಯರೇ, ಇದು ಯಾವ ಕಾಲದ ಆಡಳಿತ? ಸಣ್ಣ ಸಹಿಗೂ ಚಿತ್ರದುರ್ಗದ ಬಸ್ಸು ಹತ್ತಬೇಕಾಗಿದ್ದ ನಾವು, ಅರ್ಜಿ ಬರೆದು, ಮೆರವಣಿಗೆ ಹೋಗಿ, ಅಂಗಡಿ ಮುಚ್ಚಿಸಿ, ಕಳೆದ ವರ್ಷ ದಾವಣಗೆರೆಯನ್ನು ಬೇರೆ ಜಿಲ್ಲೆ ಮಾಡಿಸಿಕೊಂಡಿದ್ದೇವೆ. ಹರಿಹರವೂ ನಮ್ಮೊಂದಿಗೆ ಬಂದಿದೆ. ಆ ಅರ್ಜಿಗಳಲ್ಲಿ ಬಹುಪಾಲು ನನ್ನ ಕೈಬರಹದವು, ಆದ್ದರಿಂದ ವಿಭಜನೆಯ ವಿಷಯದಲ್ಲಿ ತಮಗೆ ಸಲಹೆ ಕೊಡಲು ನಾನು ಅರ್ಹನೆಂದು ಭಾವಿಸುತ್ತೇನೆ. ಉಸಿರನ್ನು ಈಗಿರುವ ಕಚೇರಿಯಲ್ಲೇ ಇಟ್ಟುಕೊಂಡು ನೋವಿನ ಶಾಖೆಯನ್ನು ಕೀಲಿ ಸಮೇತ ಹರಿಹರಕ್ಕೆ, ಅಂದರೆ ಶರೀರದಲ್ಲಿ ಅದಕ್ಕೆ ಸಮನಾದ ದೂರಕ್ಕೆ, ಮೊಣಕಾಲಿನ ಸುತ್ತಮುತ್ತ ಎಲ್ಲಾದರೂ, ವರ್ಗಾಯಿಸಬೇಕೆಂದು ಕೋರುತ್ತೇನೆ. ಇದನ್ನು ಬಕ್ಕೇಶನಿಗೆ ಓದಿ ಹೇಳಿದಾಗ, "ನಮ್ಮೂರಿಗೆ ಯಾಕ ಕಳಿಸ್ತೀರಿ ಭಾವ, ಮಲೆಬೆನ್ನೂರಿಗೆ ಹಾಕ್ರಿ" ಎಂದು ತಕರಾರು ತೆಗೆದ. ಸ್ಥಳದ ವಿಷಯದಲ್ಲಿ ನನ್ನ ಹಟವಿಲ್ಲ. ಉಸಿರಿನ ಬಾಗಿಲಿಗೆ ಬೇರೆ ಬೀಗ ಹಾಕಿಸಲಂತೂ ತಾವು ಇಂದೇ ಅಪ್ಪಣೆ ಕೊಡಬೇಕು, ಆ ಬೀಗಕ್ಕೆ ಕೀಲಿಯೇ ಇರಬಾರದು.

ಬರೇ ಅರ್ಜಿಗೆ ತಾವು ಬಗ್ಗುವವರಲ್ಲವೆಂದು ಊಹಿಸಿ, ಇವತ್ತು ಮಧ್ಯಾಹ್ನ ಆಸ್ಪತ್ರೆಯ ಬೆಂಚಿನ ಮೇಲೆ ಸತ್ಯಾಗ್ರಹವನ್ನೂ ಹೂಡಿದೆ. ಅನ್ನ ಬಿಡುವ ಸತ್ಯಾಗ್ರಹ ಹಳೆಯದಾಯಿತು, ಅದು ತಮ್ಮ ಇಲಾಖೆಯೂ ಅಲ್ಲ. ಆದ್ದರಿಂದ ಬೇಡಿಕೆ ಈಡೇರುವ ತನಕ ಉಸಿರಾಡುವುದಿಲ್ಲವೆಂದು ಮೂಗು ಹಿಡಿದು ಬಾಯಿ ಬಿಗಿದು ಕೂತೆ. ವಾರ್ಡಿನ ಅಟೆಂಡರ್ ಮಕ್ತುಮ್ ಸಾಬ್ ಬಗ್ಗಿ ನೋಡಿ, "ಮೂಗು ಬಿಡ್ರಿ ಸಾವ್ಕಾರ್ರೇ, ಬೇಕಾದ್ರೆ ಚಾ ತಂದುಕೊಡ್ತೀನಿ" ಎಂದ. ನಾನು ಬಿಡಲಿಲ್ಲ. ಕಿವಿಯಲ್ಲಿ ಭಟ್ಟಿ ಹೊತ್ತಿಕೊಂಡಿತು, ಎದೆ ಒದ್ದಾಡಿತು. ಆಮೇಲೆ ನನ್ನ ಕತ್ತಿನ ಹಿಂದಿರುವ ತಮ್ಮ ಸಹೋದ್ಯೋಗಿಗಳು ನನ್ನ ಅಭಿಪ್ರಾಯವನ್ನು ಕೇಳದೆ, ನನ್ನ ಹೋರಾಟದ ಅನುಭವವನ್ನು ಗಣಿಸದೆ, ನನ್ನ ಬಾಯನ್ನು ನನ್ನಿಂದಲೇ ತೆಗೆಸಿ ಉಸಿರನ್ನು ಒಳಗೆ ಎಳೆಸಿದರು. ಸತ್ಯಾಗ್ರಹ ಮುರಿಯಿತು. ನಾನು ಚಾ ಕುಡಿದೆ.

ನನ್ನ ನಿಜವಾದ ದೂರು ಇಷ್ಟೇ. ಬೇಕೆಂದು ಉಸಿರು ಬಿಗಿಹಿಡಿದ ಒಬ್ಬ ಹಟಮಾರಿ ಮುದುಕನ ಮೇಲೆ ತಾವು ಇಷ್ಟು ಜಬರ್ದಸ್ತಿ ಮಾಡಬಲ್ಲಿರಿ. ಅಲ್ಲಿ ಒಳಗೆ, ಯಾರಿಗೂ ಎದುರಾಡದೆ, ಯಾವ ಬೇಡಿಕೆಯನ್ನೂ ಇಡದೆ ಸುಮ್ಮನೆ ಮಲಗಿದ್ದವಳ ಮೇಲೆ ಅದರಲ್ಲಿ ಅರ್ಧದಷ್ಟು ಜಬರ್ದಸ್ತಿಯನ್ನಾದರೂ ಯಾಕೆ ಮಾಡಲಿಲ್ಲ? ಗದ್ದಲ ಮಾಡುವವರ ಕೆಲಸ ಮೊದಲು ಆಗುತ್ತದೆಂಬುದು ಎಲ್ಲ ಕಚೇರಿಗಳ ಕಥೆ, ತಮ್ಮ ಕಚೇರಿಯಲ್ಲೂ ಅದೇ ನಡೆಯುತ್ತದೆಂದು ನಾನು ಎಣಿಸಿರಲಿಲ್ಲ. ಓಡಿಸುವ ಸೂಜಿಯ ಬಲ ಬೇಗ ಇಳಿಯುತ್ತದಂತೆ, ಮೊದಲಿನ ಔಷಧಿ ಇನ್ನೂ ಒಳಗೇ ಇರುತ್ತದಂತೆ, ಆಕೆ ಮತ್ತೆ ಉಸಿರು ಮರೆಯದಂತೆ ನಾಳೆ ಬೆಳಗಿನವರೆಗೆ ಕಾಯಬೇಕಂತೆ. ಆದ್ದರಿಂದ ಈ ಪತ್ರವನ್ನು ಆಕೆಯ ಮಂಚದ ಬದಿಯಲ್ಲೇ ಕೂತು ಬರೆಯುತ್ತಿದ್ದೇನೆ, ಎಡಗೈ ಆಕೆಯ ಮೂಗಿನ ಮುಂದಿದೆ. ಅಕ್ಷರ ಸೊಟ್ಟಗಾಗಿದ್ದರೆ ಮನ್ನಿಸಬೇಕು.

ತಮ್ಮ ವಿಶ್ವಾಸಿ, ತಮ್ಮನ್ನು ನಂಬದೆ ಬೇರೆ ದಾರಿ ಇಲ್ಲದವನು,
ಶಿವಯೋಗಪ್ಪ
ದಾವಣಗೆರೆ, ೧೯೯೮

ವಿ. ಸೂ.: ಸಹಿ ಹಾಕುತ್ತಿದ್ದಂತೆ ಆಕೆ ನರಳಿ ಕಣ್ಣು ತೆರೆದು, "ಇನ್ನೂ ಬರಕೊಂತ ಕುಂತೀರೇನು, ಕಾಲು ಹಿಡ್ಕಳ್ರಿ, ಜೀವ ಹೋಗ್ತೈತೆ, ಆ ಸೂಜಿ ಹಾಕ್ಸಿ ಅಂದ್ರೆ ಕಿವಿ ಕೇಳಲ್ಲ, ಏನು ಗಂಡಸ್ರೋ ಏನೋ" ಎಂದು ಎಲ್ಲೂ ನಿಲ್ಲಿಸದೆ ಬೈದಳು. ಅಷ್ಟುದ್ದ ಬೈಯಲು ತುಂಬಿದ ಒಂದು ಉಸಿರು ಬೇಕು, ಅದನ್ನು ತಾವು ಒದಗಿಸಿದ್ದೀರಿ, ಕೃತಜ್ಞತೆಗಳು. ವಿಭಜನೆಯ ಅರ್ಜಿಯನ್ನು ಸದ್ಯಕ್ಕೆ ತಡೆಹಿಡಿಯಿರಿ. ಬೆಳಗಾಗುವವರೆಗೆ ಆಕೆಯ ನೋವನ್ನು ಪೂರ್ತಿ ನಿಲ್ಲಿಸಬೇಡಿ, ಆಕೆ ನರಳುತ್ತಿರಲಿ, ನನಗೆ ಕೇಳುತ್ತಿರಲಿ. ಹೆಂಡತಿಯ ನೋವು ಇರಲಿ ಎಂದು ನನ್ನ ಕೈಯಿಂದಲೇ ಬರೆಸಿಕೊಂಡಿರಿ, ಇದೊಂದಕ್ಕೆ ನಾನು ತಮ್ಮನ್ನು ಎಂದಿಗೂ ಕ್ಷಮಿಸುವುದಿಲ್ಲ.