ಹಗ್ಗದ ಬೈರಿಗೆ ಮತ್ತು ಕಾರವಾರದ ಯಂತ್ರ

ಸಾವಾದ ಮನೆಯಲ್ಲಿ ನಗೆಯ ಪ್ರಸಂಗಗಳು ನಡೆಯಬಾರದು, ಆದರೂ ನಡೆಯುತ್ತವೆ. ನಮ್ಮಲ್ಲಂತೂ ಒಂದರ ಬೆನ್ನಿಗೆ ಒಂದು ನಡೆದವು. ಆಗ ನಗಲಿಲ್ಲ. ನಕ್ಕರೆ ನೋಡಿದವರು ಏನೆಂದಾರು ಎಂಬ ಅಂಜಿಕೆಯಿತ್ತು. ಈಗ ತಮ್ಮನ ವರ್ಷಾಂತಿಕ ದೇವರ ದಯೆಯಿಂದ ಸಾಂಗವಾಗಿ ಮುಗಿದಿದೆ. ಆದ್ದರಿಂದ ಬರೆಯಲು ಕೂತಿದ್ದೇನೆ.

ಅಂಕೋಲೆಯ ಹತ್ತಿರ ಬಾಳೆಗುಳಿಯಲ್ಲಿ ನಮ್ಮ ಮನೆ. ಸ್ವಲ್ಪ ಗದ್ದೆಯಿದೆ. ಅದರ ಜೊತೆಗೆ ಮನೆಯ ಮಗ್ಗುಲಿಗೆ ಇಳಿಸಿದ ಮಾಡಿನ ಕೆಳಗೆ ಮರಗೆಲಸ: ತೊಟ್ಟಿಲು, ಮಂಚ, ಮಣೆ. ಮರಕ್ಕೆ ತೂತು ಕೊರೆಯುವುದು ಹಗ್ಗದ ಬೈರಿಗೆಯಿಂದ. ಅದಕ್ಕೆ ಇಬ್ಬರು ಬೇಕು. ಒಬ್ಬ ಬೈರಿಗೆಯ ತಲೆಯ ಮೇಲೆ ಕರಟ ಕವುಚಿ ಒತ್ತಿ ಹಿಡಿಯಬೇಕು. ಇನ್ನೊಬ್ಬ ಅದಕ್ಕೆ ಸುತ್ತಿದ ಹಗ್ಗದ ಎರಡು ತುದಿಗಳನ್ನು ಆಚೆಗೊಮ್ಮೆ ಈಚೆಗೊಮ್ಮೆ ಎಳೆಯಬೇಕು. ಇಪ್ಪತ್ತು ವರ್ಷ ನಾನು ಒತ್ತಿದೆ, ತಮ್ಮ ಎಳೆದ. ಆಷಾಢದಲ್ಲಿ ಅವನಿಗೆ ಚಳಿಜ್ವರ ಬಂತು. ಹನ್ನೊಂದನೆಯ ದಿನ ಹೋಗಿಬಿಟ್ಟ.

ಎಳೆಯುವವನಿಲ್ಲದೆ ಕೆಲಸ ನಿಂತಿತು. ಅದು ನಿಂತೇಹೋದರೆ ನಾನು ಕಾರವಾರದ ಕಟ್ಟಿಗೆ ವಖಾರಿಗೆ ಕೂಲಿಗೆ ಹೋಗುವುದು, ತಮ್ಮನ ಹೆಂಡತಿ ತವರಿಗೆ ಹೋಗುವುದು, ಇಷ್ಟೇ ಉಳಿದ ದಾರಿ. ಒಂದು ಒಲೆಯ ಮನೆ ಅಲ್ಲಿಗೆ ಮುಗಿದಂತೆ.

ಕರಟ ಒತ್ತಿ ಕೂತದ್ದು

ಸೂತಕ ಕಳೆದ ಮರುದಿನ ಮಿಂದು, ತುಳಸಿಗೆ ನೀರೆರೆದು, ಮಾಡಿನ ಕೆಳಗೆ ಹೋಗಿ ಕೂತೆ. ಅರ್ಧ ಆಗಿ ನಿಂತ ತೊಟ್ಟಿಲಿನ ಹಲಗೆ ಎದುರಿಗಿತ್ತು. ಗುರುತು ಹಾಕಿದ ಜಾಗದಲ್ಲಿ ಬೈರಿಗೆ ನಿಲ್ಲಿಸಿದೆ, ಹಗ್ಗ ಸುತ್ತಿದೆ, ಕರಟ ಇಟ್ಟು ಒತ್ತಿದೆ. ಕೂತೆ. ಕೂತೇ ಇದ್ದೆ.

ಹೆಂಡತಿ ಗಂಜಿಗೆ ಕರೆಯಲು ಬಂದವಳು ಸ್ವಲ್ಪ ಹೊತ್ತು ನೋಡಿ, "ಎಂತ ಮಾಡ್ತಾ ಕೂತಿದ್ರಿ?" ಎಂದಳು.

ಬಾಯಿಗೆ ಬಂದದ್ದನ್ನು ಹೇಳಿದೆ: "ಅವ ಎಳೀಲಿ ಅಂತ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ನಿಧಾನವಾಗಿ, "ಹಂಗಾರೆ ಗಂಜಿ ತಣಿಯೂದ್ರೊಳಗೆ ಎಳೆದು ಮುಗಿಸೂಕೆ ಹೇಳಿ" ಎಂದು ಒಳಗೆ ಹೋದಳು.

ದುಃಖ ಹಂಚಿಕೊಳ್ಳಲು ಬಂದ ನೆರೆಯವರು

ನೆರೆಮನೆಯವರು ನನಗಿಂತ ಹಿರಿಯರು, ಬಹಳ ಮೆತ್ತಗಿನ ಮನಸ್ಸು. "ನಾನಿಲ್ಲವೇನೋ ತಮಾ? ಹಗ್ಗ ಕೊಡು ಇತ್ಲಾಗೆ" ಎಂದು ತಾವಾಗಿ ಬಂದರು.

ಎರಡು ಸಲ ಎಳೆದರು. ನಿಂತರು. "ಅವ ಎಷ್ಟು ಚಂದ ಎಳೀತಿದ್ದ!" ಎಂದರು. ಕಣ್ಣಲ್ಲಿ ನೀರು. ಹಗ್ಗ ಸಡಿಲಾಯಿತು, ಬೈರಿಗೆ ವಾಲಿತು. ಮತ್ತೆ ನೆಟ್ಟಗೆ ನಿಲ್ಲಿಸಿದೆ. ಮತ್ತೆ ಎರಡು ಸಲ ಎಳೆದರು. "ಆ ನಗು! ಆ ಹಲ್ಲು!" ಎಂದರು. ಹಗ್ಗ ಸಡಿಲಾಯಿತು.

ಅವರನ್ನು ಸಮಾಧಾನ ಮಾಡುವ ಕೆಲಸ ನನಗೇ ಬಿತ್ತು. "ಅಣ್ಣ, ದೇವರ ಇಚ್ಛೆ, ನಾವೆಂತ ಮಾಡೂಕೆ ಬರ್ತದೆ" ಎಂದು ಒಂದು ಕೈಯಿಂದ ಅವರ ಬೆನ್ನು ತಟ್ಟಿದೆ, ಇನ್ನೊಂದರಿಂದ ಕರಟ ಒತ್ತಿದೆ. ಬೆಳಗಿನಿಂದ ಮಧ್ಯಾಹ್ನದವರೆಗೆ ಒಂದು ತೂತು ಬಿತ್ತು. ಅದು ಹಲಗೆಯ ಈ ಮುಖದಲ್ಲಿ ಹೊಕ್ಕು, ಆ ಮುಖಕ್ಕೆ ಹೋಗದೆ ಪಕ್ಕಕ್ಕೆ ಹೊರಬಂತು.

ನೆರೆಯವರು ಬಗ್ಗಿ ಅದನ್ನು ನೋಡಿ ಮೂಗು ಒರೆಸಿಕೊಂಡು, "ಇಷ್ಟು ದುಃಖದಲ್ಲಿ ಇಷ್ಟಾದ್ರೂ ಆಯ್ತಲ್ಲ, ತಮಾ. ನಾಳೆ ಮತ್ತೆ ಬರ್ತೇನೆ" ಎಂದರು.

ಉಪವಾಸದ ಯಂತ್ರ

ಮರುದಿನ ಅವರು ಬರುವ ಮೊದಲೇ ನಾನು ಸರ್ವಿಸ್ ಮೋಟಾರು ಹತ್ತಿ ಕಾರವಾರಕ್ಕೆ ಹೋದೆ. ಕಬ್ಬಿಣದ ಸಾಮಾನಿನ ಅಂಗಡಿಯೊಂದರಲ್ಲಿ ಒಬ್ಬನೇ ತಿರುಗಿಸುವ ಬೈರಿಗೆ ಯಂತ್ರ ಮುಂಬಯಿಯಿಂದ ಸಮುದ್ರದ ದಾರಿಯಾಗಿ ಆಗಬೋಟಿನಲ್ಲಿ ಬಂದಿದೆ ಎಂದು ಕೇಳಿದ್ದೆ.

ಅಂಗಡಿಯವರು ಎರಡು ತರಹದ್ದು ತೋರಿಸಿದರು. ಮೊದಲನೆಯದು ಎದೆಗೆ ಒತ್ತಿಕೊಂಡು ತಿರುಗಿಸುವಂಥದ್ದು. ಅವರೇ ಎದೆಗಿಟ್ಟು ತೋರಿಸಲು ಹೋದರು. ಹೊಟ್ಟೆ ಮುಂದೆ ಇದ್ದುದರಿಂದ ಯಂತ್ರ ಮರದವರೆಗೆ ಮುಟ್ಟಲಿಲ್ಲ. "ಇದು ನಿಮ್ಮಂಥ ಬಡಕಲು ಜನಕ್ಕೆ" ಎಂದು ಪಕ್ಕಕ್ಕಿಟ್ಟರು. ಎರಡನೆಯದು ಕಂಬಕ್ಕೋ ಗೋಡೆಗೋ ಬಿಗಿಯುವಂಥದ್ದು. ದೊಡ್ಡ ಚಕ್ರ, ಹಿಡಿಕೆ, ಹಲ್ಲಿನ ಗಾಲಿಗಳು. ತಿರುಗಿಸಿದರೆ ಬೈರಿಗೆ ತಾನಾಗಿ ಕೆಳಗಿಳಿಯುತ್ತಿತ್ತು. ನೋಡುತ್ತಾ ನನಗೆ ಸಂತೋಷವಾಗಲಿಲ್ಲ. ಇದು ಬಂದರೆ ತಮ್ಮ ಕೂರುತ್ತಿದ್ದ ಜಾಗ ಖಾಲಿಯೇ ಉಳಿಯುತ್ತದಲ್ಲ ಎನ್ನಿಸಿತು.

"ಹಲ್ಲಿನ ಗಾಲಿಗೆ ವಾರಕ್ಕೊಮ್ಮೆ ಚರಬಿ ಹಚ್ಚಬೇಕು" ಎಂದರು ಅಂಗಡಿಯವರು.

"ಯಾವುದರ ಚರಬಿ?"

"ಡಬ್ಬಿಯಲ್ಲಿ ಬರ್ತದೆ. ಯಾವುದರದ್ದು ಅಂತ ನಾ ಕೇಳ್ಲಿಲ್ಲ, ಅದೂ ಹೇಳ್ಲಿಲ್ಲ."

"ಹಾಗಾದ್ರೆ ಆಗೂದಿಲ್ಲ. ಅದೇ ಕೈಯಿಂದ ನಾನು ದೇವರ ಮಣೆ ಮಾಡೂದು."

"ತೆಂಗಿನೆಣ್ಣೆ ಹಚ್ಚಿ."

"ಅದು ಮೂರು ದಿನಕ್ಕೆ ಅಂಟಾಗ್ತದೆ. ಮಾಡಿನ ಇರುವೆಯೆಲ್ಲ ಬಂದು ಕೂರ್ತದೆ."

"ತುಪ್ಪ ಹಚ್ಚಿ ಹಾಗಾದ್ರೆ!"

"ನಮ್ಮ ಅನ್ನಕ್ಕೇ ತುಪ್ಪ ಹಬ್ಬದ ದಿನ, ಒಡೆಯಾ. ಯಂತ್ರಕ್ಕೆ ವಾರವಾರ ಎಲ್ಲಿಂದ ತರಲಿ?"

ಅಂಗಡಿಯವರು ಚಕ್ರದ ಮೇಲಿನ ಕೈ ತೆಗೆದರು. "ಹಾಗಂದ್ರೆ ನಿಮಗೆ ಬೇಕಾದ್ದು ಏಕಾದಶಿ ಮಾಡುವ ಯಂತ್ರ. ಅದು ಮುಂದಿನ ಆಗಬೋಟಿಗೂ ಬರೂದಿಲ್ಲ" ಎಂದರು. ಆದರೂ ಒಳ್ಳೆಯ ಮನುಷ್ಯರು. ನನ್ನ ಬೋಳಿಸಿದ ತಲೆ ನೋಡಿ ಸಂಗತಿ ಕೇಳಿ ತಿಳಿದುಕೊಂಡರು. "ಎಂಟು ದಿನ ಇಟ್ಟು ನೋಡಿ, ನಮ್ಮ ಮನುಷ್ಯ ಬಂದು ಕೇಳ್ತಾನೆ" ಎಂದು ಕಂಬದ ಯಂತ್ರವನ್ನು ಮೋಟಾರಿನ ಮೇಲೆ ಹೊರಿಸಿಕೊಟ್ಟರು.

ಯಂತ್ರದ ತಂದೆ

ಯಂತ್ರ ಬಿಗಿಯಲು ಮಾಡಿನಲ್ಲಿ ಗಟ್ಟಿ ಕಂಬ ಒಂದೇ. ಅದಕ್ಕೆ ಬಿಗಿದರೆ ಯಂತ್ರದ ಮುಖ ದಕ್ಷಿಣಕ್ಕೆ. ಯಮನ ದಿಕ್ಕು, ಹೋದ ತಿಂಗಳಷ್ಟೇ ಅತ್ತಲಿಂದ ನಮ್ಮ ಮನೆಗೆ ಬಂದು ಹೋಗಿದ್ದಾನೆ. ಭಟ್ಟರಲ್ಲಿಗೆ ಹೋಗಿ ಕೇಳಿದೆ.

"ತಿರುಗಿಸುವವ ಯಾವ ಕಡೆ ಮುಖ ಮಾಡ್ತಾನೆ?" ಎಂದರು.

"ನಾನು ಉತ್ತರಕ್ಕೆ. ಯಂತ್ರ ದಕ್ಷಿಣಕ್ಕೆ."

ಭಟ್ಟರು ಕಣ್ಣು ಮುಚ್ಚಿ ಯೋಚಿಸಿದರು. "ತಂದೆ ಬದುಕಿದ್ದವರು ದಕ್ಷಿಣಕ್ಕೆ ಮುಖ ಮಾಡಿ ಕೂರಬಾರದು ಅಂತ ಉಂಟು. ಯಂತ್ರಕ್ಕೆ ತಂದೆ ಇದ್ದಾನೋ?"

"ಮಾಡಿದವ ವಿಲಾಯತಿಯಲ್ಲಿ ಇರಬಹುದು."

"ಬದುಕಿದ್ದಾನೋ?"

"ಗೊತ್ತಿಲ್ಲ, ಭಟ್ಟರೇ."

"ಹಾಗಾದ್ರೆ ಒಂದು ಕಾಗದ ಹಾಕಿ ಕೇಳು" ಎಂದರು ಭಟ್ಟರು. "ಉತ್ತರ ಬರುವವರೆಗೆ ತಿರುಗಿಸ್ತಾ ಇರು. ತಿಳಿಯದೆ ಮಾಡಿದ್ದಕ್ಕೆ ದೋಷ ಇಲ್ಲ."

ಎಲ್ಲಿಯ ಮಾಲು

ಸಣ್ಣ ಮಣೆಗಳಿಗೆ ಯಂತ್ರ ಚೆನ್ನಾಗಿಯೇ ಕೊರೆಯಿತು. ಆದರೆ ತೊಟ್ಟಿಲಿನ ಉದ್ದ ಹಲಗೆ ಇಟ್ಟಾಗ ಅದರ ಆಚೆಯ ತುದಿ ಜೋತುಬಿತ್ತು. ಅದನ್ನು ಹಿಡಿಯಲು ಇನ್ನೊಬ್ಬ ಬೇಕು. ಒಬ್ಬನೇ ಮಾಡುವ ಯಂತ್ರಕ್ಕೂ ಒಬ್ಬ ತಮ್ಮ ಬೇಕೆಂದು ಗೊತ್ತಾದ ದಿನ ನಾನು ಊಟ ಮಾಡಲಿಲ್ಲ.

ಅದೇ ದಿನ ತಮ್ಮನ ಹೆಂಡತಿಯ ಅಣ್ಣ ಹಾರವಾಡದಿಂದ ಬಂದ. "ಭಾವ, ನೀವು ವಖಾರಿಗೆ ಹೋಗ್ತ್ರಿ ಅಂತ ಕೇಳ್ದೆ. ತಂಗೀನ ಹುಣ್ಣಿಮೆ ಕಳೆದು ಕರಕೊಂಡು ಹೋಗ್ತೇನೆ" ಎಂದ. ಅವಳ ಮನಸ್ಸು ಏನೆಂದು ನಾನು ಕೇಳುವ ಹಾಗಿರಲಿಲ್ಲ. ನಮ್ಮಲ್ಲಿ ತಮ್ಮನ ಹೆಂಡತಿ ಭಾವನ ಎದುರು ಬರುವುದಿಲ್ಲ, ಮಾತಾಡುವುದಿಲ್ಲ. ಒಂಬತ್ತು ವರ್ಷ ಒಂದೇ ಮನೆಯಲ್ಲಿದ್ದು ನಾನು ಅವಳ ಕೆಮ್ಮು ಕೇಳಿದ್ದೇನೆ, ಬಳೆ ಕೇಳಿದ್ದೇನೆ. ಈಗ ಬಳೆಯ ಸದ್ದೂ ಇಲ್ಲ.

ಮರುದಿನ ಬೆಳಿಗ್ಗೆ ಹೆಂಡತಿ ಹಳೆಯ ಬೈರಿಗೆ ತಂದು ನನ್ನ ಮುಂದೆ ಇಟ್ಟಳು. ಹಗ್ಗದ ಎರಡು ತುದಿಗಳಿಗೂ ಉದ್ದನೆಯ ಕತ್ತದ ಹಗ್ಗ ಕಟ್ಟಿದ್ದಳು. ಆ ಎರಡೂ ಅಡುಗೆಮನೆಯ ಕಿಟಕಿಯೊಳಗೆ ಹೋಗಿದ್ದವು.

"ಒತ್ತಿ" ಎಂದಳು. ತಾನು ನನ್ನ ಪಕ್ಕದಲ್ಲೇ ಕೂತು ಹುರುಳಿ ಆರಿಸತೊಡಗಿದಳು.

ಒತ್ತಿದೆ. ಬೈರಿಗೆ ತಿರುಗಿತು. ಸಡಿಲಾಗಲಿಲ್ಲ, ವಾಲಲಿಲ್ಲ. ಪುಡಿ ಸುರುಳಿಸುರುಳಿಯಾಗಿ ಹೊರಗೆ ಬಂತು. ನಾನು ಹೆಂಡತಿಯ ಮುಖ ನೋಡಿದೆ.

"ಎಂತ ನೋಡೂದು?" ಎಂದಳು. "ದಿನಾ ಮೊಸರು ಕಡೆಯೋ ಕೈಗೆ ಇದೊಂದು ದೊಡ್ಡದಾ? ನೀವು ಮರ ನೋಡಿ."

ಮರ ನೋಡಿದೆ. ಕಣ್ಣು ಮಂಜಾಗಿ ಸರಿಯಾಗಿ ಕಾಣಲಿಲ್ಲ. ಆದರೂ ತೂತು ನೆಟ್ಟಗೆ ಬಿತ್ತು. ಮಧ್ಯಾಹ್ನದೊಳಗೆ ತೊಟ್ಟಿಲಿನ ಒಂದು ಮಗ್ಗುಲು ಮುಗಿಯಿತು.

ಎಂಟನೆಯ ದಿನ ಕಾರವಾರದ ಅಂಗಡಿಯ ಮನುಷ್ಯ ಅಂಗಳಕ್ಕೆ ಬಂದ. ಅವನ ಯಂತ್ರ ಕಂಬದ ಮೇಲೆ ಸುಮ್ಮನಿತ್ತು. ಇತ್ತ ನಾನು ಒತ್ತಿ ಹಿಡಿದು ಕೂತಿದ್ದೇನೆ, ಹೆಂಡತಿ ಹುರುಳಿ ಆರಿಸುತ್ತಿದ್ದಾಳೆ, ಬೈರಿಗೆ ಮಾತ್ರ ಗರಗರನೆ ತಿರುಗುತ್ತಿದೆ. ಅವನು ಒಂದು ಸುತ್ತು ಬಂದು ನೋಡಿದ. ಕಿಟಕಿಯೊಳಗೆ ಹೋದ ಹಗ್ಗ ನೋಡಿದ. ಒಳಗೆ ಕತ್ತಲೆ, ಏನೂ ಕಾಣಲಿಲ್ಲ.

"ನಮ್ಮದನ್ನು ಬಿಟ್ಟು ಬೇರೆ ತಂದಿರೋ? ಒಳ್ಳೇ ಓಡ್ತದಲ್ಲ! ಎಲ್ಲಿಯ ಮಾಲು ಇದು? ಮುಂಬಯಿದೋ, ವಿಲಾಯತಿದೋ?"

ನಾನು ಏನು ಹೇಳಲಿ? ಅಷ್ಟರಲ್ಲಿ ಹಗ್ಗ ನಿಂತಿತು. ಕಿಟಕಿಯ ಒಳಗಿನಿಂದ, ನಾನು ಒಂಬತ್ತು ವರ್ಷದಲ್ಲಿ ಒಮ್ಮೆಯೂ ಕೇಳದ ಧ್ವನಿಯೊಂದು ಬಂತು:

"ಹಾರವಾಡದ್ದು."

ಹಗ್ಗ ಮತ್ತೆ ಓಡತೊಡಗಿತು.

ಆ ಮನುಷ್ಯ ಬೆದರಿ ಎರಡು ಹೆಜ್ಜೆ ಹಿಂದೆ ಸರಿದ. ಆದರೂ ವ್ಯಾಪಾರದವ, ಕಿವಿಯಿಂದ ಸೀಸದಕಡ್ಡಿ ತೆಗೆದು ಚೀಟಿಯಲ್ಲಿ ಊರ ಹೆಸರು ಗುರುತು ಹಾಕಿಕೊಂಡ. "ಅಲ್ಲಿ ಇಂಥದ್ದು ಇನ್ನೊಂದು ಸಿಗಬಹುದೋ?" ಎಂದು ಮೆಲ್ಲಗೆ ಕೇಳಿದ.

ಹೆಂಡತಿ ಹುರುಳಿಯಿಂದ ತಲೆ ಎತ್ತಲಿಲ್ಲ.

"ಸಿಗೂದಿಲ್ಲ" ಎಂದಳು. "ಇದ್ದದ್ದು ಒಂದು, ಅದು ನಮ್ಮನೆಗೆ ಬಂತು. ಕೊಡೂದಿಲ್ಲ."