ಆಟಿ ತಿಂಗಳಲ್ಲಿ ಹೊಗೆ ಹುಡುಕಿದವರು

ನಮ್ಮೂರು ಜೆಪ್ಪುವಿನ ಗಾಳಿಯನ್ನು ಕೆಡಿಸಿದವರು ಇಬ್ಬರು: ಅಗ್ಗವೆಂದು ಹಸಿ ಸೌದೆಯನ್ನೇ ಭಟ್ಟಿಗೆ ತುಂಬುವ ಹಂಚಿನ ಕಾರ್ಖಾನೆಯ ಯಜಮಾನರು, ಮತ್ತು ಅವರ ಗಿಡ್ಡ ಚಿಮಣಿಗೆ ಕಣ್ಣುಮುಚ್ಚಿ ಪರವಾನಗಿ ಕೊಟ್ಟ ಪುರಸಭೆ. ಆದರೆ ನಮ್ಮ ಓಣಿಯಲ್ಲಿ ಯಾರನ್ನು ಬೇಕಾದರೂ ಕೇಳಿ ನೋಡಿ, ಅವರು ಬೊಟ್ಟು ಮಾಡುವುದು ಚಿಮಣಿಯನ್ನಲ್ಲ, ನನ್ನ ಸೋದರಮಾವನನ್ನು. ಊರಿನ ಏಕಮಾತ್ರ ಹುಚ್ಚರೆಂಬ ಪದವಿ ಅವರಿಗೆ ಅವಿರೋಧವಾಗಿ ಸಂದಿದೆ.

ಮಾವ ಮೂವತ್ತು ವರ್ಷ ಮುನ್ಸೀಫ್ ಕೋರ್ಟಿನಲ್ಲಿ ಗುಮಾಸ್ತರಾಗಿದ್ದವರು. ಸಾಕ್ಷಿ, ರುಜು, ನಂಬರು ಇಲ್ಲದೆ ಸೂರ್ಯೋದಯವನ್ನೂ ಒಪ್ಪುವವರಲ್ಲ. ಅವರು ನಿವೃತ್ತರಾದ ವರ್ಷವೇ ಅತ್ತೆಗೆ ಉಬ್ಬಸ ಶುರುವಾಯಿತು. ಮಳೆ ನಿಂತು, ದೀಪಾವಳಿ ಕಳೆದು, ಭಟ್ಟಿಗೆ ಬೆಂಕಿ ಬಿತ್ತೆಂದರೆ ಅತ್ತೆಯ ಎದೆಯಲ್ಲಿ ಸಿಳ್ಳು ಏಳುತ್ತದೆ. ಮಾಘದ ಹೊತ್ತಿಗೆ ಬಾವಿಕಟ್ಟೆಯ ತನಕವೂ ಅವರು ನಡೆಯಲಾರರು. ಬೇರೆ ಗಂಡಂದಿರಾದರೆ ಕಷಾಯ ಕಾಯಿಸುತ್ತಿದ್ದರು. ನಮ್ಮ ಮಾವ ದಾಖಲೆ ತಯಾರಿಸಲು ಕುಳಿತರು.

ವಿಧಾನ ಹೀಗೆ: ಬಿಳಿ ಪಿಂಗಾಣಿ ಬಸಿಗೆ ತೆಂಗಿನೆಣ್ಣೆ ಸವರಿ ಅಂಗಳದ ಪಾಗಾರದ ಗೋಡೆಯ ಮೇಲಿಡುವುದು, ಮರುದಿನ ಅದಕ್ಕಂಟಿದ ಮಸಿಯ ಮೇಲೆ ಕಾಗದ ಒತ್ತಿ, ತಾರೀಕು ಹಾಕಿ, ದಾರಿಯಲ್ಲಿ ಸಿಕ್ಕ ಇಬ್ಬರಿಂದ ಸಾಕ್ಷಿ ರುಜು ಪಡೆಯುವುದು. ಒಮ್ಮೆ ಮೀನಿನವಳು ಸಿಕ್ಕಿಬಿದ್ದಳು.

“ನನಗೆ ಬರೆಯಲಿಕ್ಕೆ ಬರುದಿಲ್ಲ ಧಣಿ.”

“ಹೆಬ್ಬೆಟ್ಟು ಸಾಕು.”

“ಶಾಯಿ ಎಲ್ಲುಂಟು?”

“ಶಾಯಿ ಎಂತಕ್ಕೆ? ಬಸಿಯಲ್ಲೇ ಅದ್ದು.”

ಅದ್ದಿದಳು. ರಿಜಿಸ್ಟ್ರಾರ್ ಆಫೀಸು ನಾಚಬೇಕು, ಗೆರೆ ಗೆರೆಯೂ ಅಷ್ಟು ಸ್ಪಷ್ಟವಾಗಿ ಮೂಡಿತು. ಅಂದಿನಿಂದ ಅವಳು ನಮ್ಮ ಓಣಿ ಬಿಟ್ಟು ಸುತ್ತುದಾರಿ ಹಿಡಿದಳು. ನ್ಯಾಯ ಸಿಗುವ ಮೊದಲು ನಮಗೆ ಬಂಗುಡೆ ತಪ್ಪಿತು.

ಪಕ್ಕದ ಮನೆಯವರು ಅದೇ ಕಾರ್ಖಾನೆಯಲ್ಲಿ ಮೇಸ್ತ್ರಿ. ಒಂದು ಸಂಜೆ ಪಾಗಾರದಾಚೆಯಿಂದ ಕೇಳಿದರು:

“ಅಲ್ಲ ಮಾರಾಯ್ರೆ, ನಿಮ್ಮ ಮಾಡಿನ ಮೇಲೆ ಇರುದು ಎಂತ? ನಮ್ಮದೇ ಹಂಚಲ್ವಾ? ಅದು ಹೊಗೆ ಇಲ್ಲದೆ ಬೆಂದದ್ದಾ?”

“ಹಂಚಿನ ಮೇಲೆ ನನಗೆ ತಕರಾರಿಲ್ಲ. ಚಿಮಣಿ ಎತ್ತರ ಮಾಡಲಿ, ಒಣ ಸೌದೆ ಹಾಕಲಿ.”

“ಅದನ್ನು ನಾನು ಹೇಳಿದರೆ ನಾಳೆ ನನಗೆ ಕೆಲಸ ಉಂಟಾ?”

ಮೇಸ್ತ್ರಿ ಕೆಮ್ಮುತ್ತ ಒಳಗೆ ಹೋದರು. ಅವರೊಬ್ಬರಿಂದ ಮಾತ್ರ ಮಾವ ಎಂದೂ ರುಜು ಕೇಳಲಿಲ್ಲ.

ಹೋದ ವರ್ಷ ಫೆಬ್ರವರಿಯಲ್ಲಿ ಈ ಕಾಗದಗಳನ್ನೆಲ್ಲ ಹೊಲಿದು ಅರ್ಜಿ ಕೊಟ್ಟರು. ಪುರಸಭೆ ಸ್ಪಂದಿಸಿತು, ಆಟಿ ತಿಂಗಳ ಜಡಿಮಳೆಯಲ್ಲಿ. ಆಗ ಹಸಿ ಹಂಚು ಒಣಗುವುದಿಲ್ಲವೆಂದು ಭಟ್ಟಿಯನ್ನೇ ಆರಿಸಿರುತ್ತಾರೆ. ಜೆಪ್ಪುವಿನ ಕೋಳಿಗಳಿಗೂ ಗೊತ್ತಿರುವ ವಿಷಯ. ಇನ್‌ಸ್ಪೆಕ್ಟರು ಕೊಡೆ ಮಡಚಿ, ಜಗಲಿ ಹತ್ತಿ, ದೀರ್ಘವಾಗಿ ಉಸಿರೆಳೆದುಕೊಂಡರು.

“ಒಳ್ಳೆ ಗಾಳಿ ಮಾರಾಯ್ರೆ. ಹೊಗೆ ಎಲ್ಲುಂಟು?”

“ಈಗ ಮಳೆಯಲ್ವಾ ಸ್ವಾಮಿ?”

“ಹಾಗಾದರೆ ನಾನು ಎಂತ ನೋಡಿ ಬರೆಯುದು?”

ಅಷ್ಟರಲ್ಲಿ ಅತ್ತೆ ಕಾಫಿ ತಂದರು. “ಆರೋಗ್ಯ ಹೇಗುಂಟಮ್ಮ?” ಎಂದು ಕೇಳಿದರು ಇನ್‌ಸ್ಪೆಕ್ಟರು.

“ಆರಾಮ, ದೇವರ ದಯೆ. ನೀವು ಮೊದಲು ಕಾಫಿ ಕುಡೀರಿ.”

ಮನೆಗೆ ಬಂದವರೆದುರು ನಮ್ಮ ಕಡೆ ಯಾವ ಗೃಹಿಣಿ ತನ್ನ ಕಾಯಿಲೆಯ ಗಂಟು ಬಿಚ್ಚುತ್ತಾಳೆ? ವರದಿ ಬಂತು: ಗಾಳಿ ಶುದ್ಧವಾಗಿದೆ, ಅರ್ಜಿದಾರರ ಪತ್ನಿಯೇ ತಾನು ಸ್ವಸ್ಥಳೆಂದು ಹೇಳಿಕೆ ಕೊಟ್ಟಿದ್ದಾರೆ.

“ನೀನೇ ಎದುರು ಪಕ್ಷದ ಸಾಕ್ಷಿಯಾಗಿಬಿಟ್ಟೆ,” ಎಂದರು ಮಾವ.

“ಮತ್ತೆ? ಮಳೆಯಲ್ಲಿ ನೆನೆದು ಬಂದವರ ಮುಂದೆ ನಾನು ಸಾಯ್ತೇನೆ ಅಂತ ಹೇಳುದಾ?”

ಮದರಾಸಿನಲ್ಲಿ ಎಂ.ಎ. ಓದುತ್ತಿದ್ದ ನಾನು ಇದನ್ನು ಹಾಸ್ಟೆಲಿನಲ್ಲಿ ಎಷ್ಟು ಸಲ ಹೇಳಿ ನಗಿಸಿದ್ದೇನೆಂದು ಲೆಕ್ಕವಿಲ್ಲ.

ಓದು ಮುಗಿಸಿ, ಈ ಫೆಬ್ರವರಿಯಲ್ಲಿ ಊರಿಗೆ ಬಂದೆ. ಹಾಡೇ ಹಗಲಲ್ಲಿ ಓಣಿಯ ತುಂಬ ಹೊಗೆ ಕವಿದಿತ್ತು. ಅತ್ತೆ ಮಂಚದಲ್ಲಿ ದಿಂಬನ್ನು ತಬ್ಬಿ, ಮುಂದಕ್ಕೆ ಬಾಗಿ, ಒಂದೊಂದೇ ಉಸಿರನ್ನು ಜಗ್ಗಿ ತರುತ್ತಿದ್ದರು. ಮಾವ ಪಕ್ಕದಲ್ಲಿ ಕುಳಿತಿದ್ದರು. ಅತ್ತೆ ಉಸಿರೆಳೆದುಕೊಂಡಾಗಲೆಲ್ಲ ಮಾವನ ಹೆಗಲೂ ಮೇಲೇರುತ್ತಿತ್ತು. ಅತ್ತೆಗೆ ಅರ್ಧದಲ್ಲಿ ಕಟ್ಟಿಕೊಂಡರೆ ಮಾವನದೂ ಅಲ್ಲಿಯೇ ನಿಲ್ಲುತ್ತಿತ್ತು. ಹಾಗಾಗುತ್ತಿರುವುದು ಅವರಿಗೆ ಗೊತ್ತಿರಲಿಲ್ಲ.

“ನೀವು ಎಂತಕ್ಕೆ ಏದುಸಿರು ಬಿಡುದು?” ಅತ್ತೆ ಬಿಟ್ಟು ಬಿಟ್ಟು ಹೇಳಿದರು. “ಕಾಯಿಲೆ ನನಗಲ್ವಾ?”

ನಾನು ಆ ಕಥೆ ಹೇಳುವುದನ್ನು ನಿಲ್ಲಿಸಿದ್ದೇನೆ.

ಆದ್ದರಿಂದ ಪುರಸಭೆಯ ಅಧ್ಯಕ್ಷರಲ್ಲಿ ನನ್ನ ವಿನಂತಿ. ಭಟ್ಟಿ ಉರಿಯುತ್ತಿರುವ ದಿನ ತಾವೇ ಬಂದು ಮರುತನಿಖೆ ಮಾಡಬೇಕು. ಚಿಮಣಿಯನ್ನು ಎತ್ತರಿಸುವ ತನಕ, ಹಸಿ ಸೌದೆ ನಿಲ್ಲುವ ತನಕ ಪರವಾನಗಿಯನ್ನು ನವೀಕರಿಸಬಾರದು. ಕೆಲಸಗಾರರಲ್ಲಿ ಒಬ್ಬನ ಕೂಲಿಯೂ ಇದರಿಂದ ತಪ್ಪಬಾರದು. ಮಳೆ ಶುರುವಾಗುವ ಮೊದಲು ಲಿಖಿತ ಉತ್ತರ ಬರಬೇಕು. ತನಿಖೆಗೆ ಬಂದಾಗ ದಯವಿಟ್ಟು ಅತ್ತೆಯನ್ನು ಏನೂ ಕೇಳಬೇಡಿ. ಅತ್ತೆ, ಮಾವ ಇಬ್ಬರ ಎದುರೂ ಹತ್ತು ನಿಮಿಷ ಸುಮ್ಮನೆ ಕುಳಿತು, ಆಮೇಲೆ ಬರೆಯಿರಿ.