ಗವಿಯ ಬಾಯಲ್ಲಿನ ಒಲೆಯನ್ನು ಮರಳಿ ಹೊತ್ತಿಸುವ ಬಗ್ಗೆ

ಸುಣ್ಣಗಲ್ಲಿನ ಗವಿ ವೀಕ್ಷಣಾ ಕಚೇರಿ, ತಾಂಡೂರು
(ರಾಜ್ಯದ ಹೆಸರು: ತೀರ್ಮಾನವಾದ ಮೇಲೆ ತುಂಬಲಾಗುವುದು)

ಸಂಖ್ಯೆ: ಗವಿ/ಕತ್ತಲು/ಒಗ್ಗರಣೆ/7/2011
ದಿನಾಂಕ: 11 ಅಕ್ಟೋಬರ್ 2011

ವಿಷಯ: ಶ್ರೀಮತಿ ಈಶಮ್ಮನವರ ಒಲೆ (ಅತಿ ತುರ್ತು).
ಉಲ್ಲೇಖ: ಸದರಿ ಒಲೆಯನ್ನು ತೆಗೆಸಲು ಇದೇ ಕಚೇರಿ ಹೊರಡಿಸಿದ ನಿನ್ನೆಯ ಆದೇಶ.

ಪ್ರವಾಸಿಗರಿಗೆ ತೆರೆಯುವ ಮುನ್ನ ಗವಿಯ ಒಳದಾರಿಗಳನ್ನು ಶೋಧಿಸಲು ಸಮಿತಿಯೊಂದು ಕಳೆದ ವಾರ ಒಳಹೊಕ್ಕಿತ್ತು. ಆಗ ಜನರೇಟರ್ ನಡೆಸುವ ಶ್ರೀ ಧಮ್ಮಪಾಲ ಅವರು ಪ್ರತ್ಯೇಕ ತೆಲಂಗಾಣ ರಾಜ್ಯ ಕೋರಿ ನಡೆದಿರುವ ಮುಷ್ಕರವನ್ನು ಬೆಂಬಲಿಸಿ ದೀಪ ಆರಿಸಿ ಮೆರವಣಿಗೆಗೆ ತೆರಳಿದರು. ಸಮಿತಿಯವರೂ ಅದೇ ಮುಷ್ಕರದ ಬೆಂಬಲಿಗರಾಗಿದ್ದ ಕಾರಣ ಆಕ್ಷೇಪಿಸಲು ಆಧಾರ ಕಂಡುಬರಲಿಲ್ಲ.

ಅಷ್ಟರಲ್ಲಿ, ಗವಿಯ ಬಾಯಲ್ಲಿ ಕಲ್ಲುಗಣಿ ಕೂಲಿಗಳಿಗೆ ಅಡುಗೆ ಮಾಡಿ ಮಾರುವ ಈಶಮ್ಮನವರು ಬೇಳೆಗೆ ಬೆಳ್ಳುಳ್ಳಿ ಒಗ್ಗರಣೆ ಹಾಕಿದರು. ಸಮಿತಿಯು ಆ ವಾಸನೆ ಹಿಡಿದು ಹೊರಬಂದು, ಅಲ್ಲಿಯೇ ಉಂಡು, ಕೈ ತೊಳೆದ ಬಳಿಕ, ಹೊಗೆಯಿಂದ ಸುಣ್ಣಗಲ್ಲು ಕಪ್ಪಾಗುತ್ತಿದೆಯೆಂದು ವರದಿ ನೀಡಿರುತ್ತದೆ.

ಒಲೆ ತೆಗೆಸುವಾಗ ಈಶಮ್ಮನವರು, "ಒಲಿ ತೆಗಿತೀನ್ರಿ ಸಾಬ್. ಖರೆ ನಾಳಿ ಒಳಗ ಹೊಕ್ಕರ ಏನ್ ಮೂಸ್ಕೋತ ಹೊರಗ ಬರ್ತೀರಿ?" ಎಂದು ಆಕ್ಷೇಪಿಸಿದ್ದು, ಲಿಖಿತವಾಗಿಲ್ಲವೆಂಬ ಕಾರಣಕ್ಕೆ ಅದನ್ನು ತಿರಸ್ಕರಿಸಲಾಗಿತ್ತು. ಈಗ ಪುನರ್ವಿಮರ್ಶಿಸಿ ಈ ಕೆಳಕಂಡಂತೆ ಆದೇಶಿಸಿದೆ.

1. ನಿನ್ನೆಯ ಆದೇಶವನ್ನು ಈ ಕ್ಷಣದಿಂದ, ಸಾಧ್ಯವಾದರೆ ನಿನ್ನೆಯಿಂದಲೇ, ಹಿಂಪಡೆಯಲಾಗಿದೆ.

2. ಜನರು ಒಳಗಿರುವಷ್ಟು ಹೊತ್ತು ಒಗ್ಗರಣೆ ಚಟಪಟ ಎನ್ನುತ್ತಿರತಕ್ಕದ್ದು. ಬೆಳ್ಳುಳ್ಳಿ ತಿನ್ನದ ಗುಮಾಸ್ತ ಶ್ರೀ ಆನಂದತೀರ್ಥ ಅವರ ಮನವಿಯ ಮೇರೆಗೆ ಇಂಗಿನ ದಾರಿಯೊಂದನ್ನು ಪ್ರತ್ಯೇಕವಾಗಿ ಮಂಜೂರು ಮಾಡಿದೆ.

3. ನೆಗಡಿಯಾದವರಿಗೆ ಪ್ರವೇಶವಿಲ್ಲ. ಮೆಂತ್ಯದ ವಾಸನೆಗೂ ಸಾಸಿವೆಯ ವಾಸನೆಗೂ ವ್ಯತ್ಯಾಸ ಹೇಳಲಾಗದ ಅಧಿಕಾರಿಗಳು ಗವಿಯನ್ನು ಹೊರಗಿನಿಂದಲೇ ಶೋಧಿಸತಕ್ಕದ್ದು.

4. ಒಳಗೆ ಘೋಷಣೆ ಕೂಗಿದರೆ ಗವಿಯೂ ತಿರುಗಿ ಕೂಗುತ್ತಿರುವುದು ಗಮನಕ್ಕೆ ಬಂದಿದೆ. ಪ್ರತಿಧ್ವನಿಯ ಮೇಲೆ ಶಿಸ್ತುಕ್ರಮ ಈ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ.

5. ಒಲೆ ತಣ್ಣಗಾಗಿರುವುದನ್ನು ಖಾತ್ರಿಪಡಿಸಿಕೊಂಡು, ಕೆಳಗೆ ಸಹಿ ಮಾಡಿದವರು ಇಂದು ಬೆಳಿಗ್ಗೆ ಒಬ್ಬರೇ ಗವಿಯನ್ನು ಪ್ರವೇಶಿಸಿರುತ್ತಾರೆ. ಮುಷ್ಕರದಲ್ಲಿರುವುದರಿಂದ ಅವರು ಒಳಗೆ ಕರ್ತವ್ಯದ ಮೇಲಿಲ್ಲ, ಇದ್ದಾರೆ ಅಷ್ಟೇ. ಹೊರದಾರಿ ಪತ್ತೆಯಾಗಿರುವುದಿಲ್ಲ. ಟಾರ್ಚು ಮಂಕಾಗುತ್ತಿದೆ. ಹೆದರಿಕೆಯಾಗುತ್ತಿದೆ ಎಂಬುದನ್ನು ಈ ಮೂಲಕ ದಾಖಲಿಸಲಾಗಿದೆ.

6. ಈ ಸುತ್ತೋಲೆಯನ್ನು ಎಲೆ ಅಡಿಕೆ ಡಬ್ಬಿಯಲ್ಲಿಟ್ಟು, ಈಶಮ್ಮನವರು ಪಾತ್ರೆ ತೊಳೆಯುವ ಕಡೆಗೆ ಹರಿಯುವ ಝರಿಯಲ್ಲಿ ತೇಲಿಬಿಡಲಾಗುತ್ತಿದೆ. ಝರಿಯ ಸಂದಿಯಲ್ಲಿ ಡಬ್ಬಿ ಹಿಡಿಸುತ್ತದೆ. ಅಧಿಕಾರಿಯ ಹೊಟ್ಟೆ ಹಿಡಿಸುವುದಿಲ್ಲ.

ಸಹಿ/- (ಅಂದಾಜಿನ ಮೇಲೆ ಹಾಕಿದ್ದು)
ಹಣಮಯ್ಯ
ಗವಿ ಅಧಿಕಾರಿ
ಸ್ಥಳ: ಒಳಗೆ

ಪ್ರತಿಗಳು:
ಮೇಲಧಿಕಾರಿಗಳು, ಹೈದರಾಬಾದ್: ಮಾಹಿತಿಗಾಗಿ. ನಗುವುದು ಐಚ್ಛಿಕ.
ಶ್ರೀ ಧಮ್ಮಪಾಲ: ಜೈ ತೆಲಂಗಾಣ. ಜನರೇಟರ್.
ಕಚೇರಿ ಕಡತ: ಹೊರಬಂದಲ್ಲಿ.
ಶ್ರೀಮತಿ ಈಶಮ್ಮ: ತಮ್ಮ ಆಕ್ಷೇಪಣೆಯನ್ನು ಪೂರ್ಣವಾಗಿ ಅಂಗೀಕರಿಸಲಾಗಿದೆ. ಬೆಳ್ಳುಳ್ಳಿ ಸ್ವಲ್ಪ ಜಾಸ್ತಿ ಹಾಕಲು ಕೋರಿದೆ.